ಕ್ಯಾತನ ಅಳತೆ

ತೊಗಲುಗೊಂಬೆ ಎಂದ ಕೂಡಲೇ ನಮ್ಮ ಕಲಾವಿಮರ್ಶಕರು ‘ಮುಗ್ಧ ಜನಪದ ಸೌಂದರ್ಯ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಣ್ಣ ಚೆಂದ, ಗೆರೆ ಚೆಂದ, ಮುಗೀತು. ಆ ಗೊಂಬೆಗಳನ್ನು ಅಳತೆಪಟ್ಟಿ ಹಿಡಿದು ನೋಡಿದವರು ಕಡಿಮೆ. ನಾವು ಅಲ್ಲಿಂದಲೇ ಶುರುಮಾಡೋಣ.

ರಾಮ, ರಾವಣ, ಧರ್ಮರಾಯ ದೊಡ್ಡ ತೊಗಲಿನಲ್ಲಿ; ಆಳುಕಾಳು, ಸಾಮಾನ್ಯ ಜನ ಸಣ್ಣ ತೊಗಲಿನಲ್ಲಿ. ಪಾತ್ರದ ಅಂತಸ್ತು ಎಷ್ಟೋ ಗೊಂಬೆಯ ಎತ್ತರ ಅಷ್ಟು. ಇದು ಮುಗ್ಧತೆಯೇ? ಊರಲ್ಲಿ ಯಾರು ಕಟ್ಟೆಯ ಮೇಲೆ ಕೂಡಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬ ಲೆಕ್ಕವೇ ಪರದೆಯ ಮೇಲೂ ಬಂದು ನಿಂತಿದೆ. ಜನರ ಕಲೆ ಎಂಬ ಒಂದೇ ಕಾರಣಕ್ಕೆ ಇದಕ್ಕೆ ಕೈಮುಗಿಯುವುದು ನಮ್ಮಿಂದಾಗದು.

ಆದರೆ ಆ ತೊಗಲು ಹದಮಾಡಿದ ಕೈ ಯಾರದು? ಕಿಳ್ಳೇಕ್ಯಾತರದು. ಶಿಳ್ಳೇಕ್ಯಾತರು, ಕಟಬರು ಅಂತಲೂ ಕರೀತಾರೆ. ಊರ ಹೊರಗೆ ಗುಡಾರ ಹಾಕಿ, ಹೊಳೆಯಲ್ಲಿ ಮೀನು ಹಿಡಿದು, ಮನೆಯಲ್ಲಿ ಮರಾಠಿ ಬೆರೆತ ಮಾತಾಡುತ್ತ, ಪರದೆಯ ಹಿಂದೆ ಕೂತು ಕನ್ನಡದಲ್ಲಿ ರಾಮಾಯಣ ಹಾಡಿದ ಅಲೆಮಾರಿಗಳು. ಆಡಿನ ತೊಗಲಿನ ಕೂದಲು ತೆಗೆದು, ಬೆಳಕು ದಾಟುವಷ್ಟು ತೆಳ್ಳಗೆ ಹೆರೆದು, ಗೆರೆ ಬರೆದು, ಒಡವೆ ವಸ್ತ್ರದ ಕುಸುರಿಯನ್ನೆಲ್ಲ ಉಳಿಯಿಂದ ತೂತು ತೂತಾಗಿ ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ಹಚ್ಚುತ್ತಾರೆ. ಹಿಂದೆ ದೀಪ ಇಟ್ಟಾಗಲೇ ಆ ಬಣ್ಣಕ್ಕೆ ಜೀವ.

ನಮ್ಮ ತುಳಸಿಗೇರಿಯ ಗುಡಿಯಲ್ಲಿ ಕಲ್ಲಿನ ಹನುಮಪ್ಪನನ್ನು ಮುಟ್ಟುವ ಹಕ್ಕು ಪೂಜಾರಿಯದು. ತೊಗಲಿನ ಹನುಮಪ್ಪನಿಗೆ ಕಣ್ಣು, ಬಾಲ ಕೊರೆದವನು ಕಿಳ್ಳೇಕ್ಯಾತ. ಸತ್ತ ಆಡಿನ ಚರ್ಮ ದೇವರಾಗುವಾಗ ಯಾವ ಮಡಿಯೂ ಅಡ್ಡ ಬರಲಿಲ್ಲ ನೋಡ್ರಿ! ಮಳೆ ಹೋದ ವರ್ಷ ಊರವರೇ ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಮಳೆ ಬಂದ ಮೇಲೆ ಗುಡಾರ ಮತ್ತೆ ಊರ ಹೊರಗೇ.

ದೊಡ್ಡವರನ್ನು ದೊಡ್ಡದಾಗಿಯೇ ಬರೆಯಬೇಕಾದ ಈ ಕೈ ತನ್ನನ್ನು ಹೇಗೆ ಬರೆದುಕೊಂಡಿತು? ಕ್ಯಾತನನ್ನು ನೋಡಬೇಕು. ಕರ್ರಗೆ, ಕುಳ್ಳಗೆ, ವಿಕಾರವಾಗಿ, ಜೊತೆಗೆ ಬಂಗಾರಕ್ಕ. ರಾಜರು ಗ್ರಾಂಥಿಕ ಮಾತಾಡುತ್ತಿದ್ದರೆ ಇವರಿಬ್ಬರದು ಓಣಿಯ ಮಾತು, ಬೈಗಳು, ಪೋಲಿ ನಗೆ. ಯಾರನ್ನೂ ಬಿಡುವುದಿಲ್ಲ. ಅಳತೆಯಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಬಾಯಿ ಎಲ್ಲರಿಗಿಂತ ದೊಡ್ಡದು. ಕುಲದ ಹೆಸರೂ ರಾಮನದಲ್ಲ, ಈ ಕ್ಯಾತನದೇ. ಇದನ್ನು ‘ಹಾಸ್ಯಪಾತ್ರ’ ಎಂದು ಒಂದು ಸಾಲಿನಲ್ಲಿ ತೀರಿಸಿದವರು ಆ ಆಟದ ಅರ್ಧವನ್ನೇ ನೋಡಿಲ್ಲ.

ಮಳೆಗಾಗಿ ದೇವರೂಪಗಳನ್ನು ಕುಣಿಸುವ ಇನ್ನೊಂದು ಒಣನೆಲ ಅಮೆರಿಕದ ಅರಿಜೋನಾದಲ್ಲಿದೆ. ಅಲ್ಲಿಯ ಹೋಪಿ ಜನಕ್ಕೆ ಮಳೆ ತರುವವರು ಕಚೀನರು. ಮಕ್ಕಳನ್ನು ಸರಕಾರಿ ಶಾಲೆಗೆ ಕೊಡುವುದಿಲ್ಲ ಎಂದ ತಪ್ಪಿಗೆ 1895ರಲ್ಲಿ 19 ಹೋಪಿ ಗಂಡಸರನ್ನು ಅಲ್ಕಟ್ರಾಜ್ ದ್ವೀಪದ ಸೆರೆಗೆ ತಳ್ಳಿದರು. 1915ರಲ್ಲಿ ಅಂಥ ಒಬ್ಬ ಹುಡುಗನನ್ನು ದೂರದ ಸಾಂತಾ ಫೆ ಶಾಲೆಗೆ ಒಯ್ದರು. ಮುಂದೆ ಚಿತ್ರಗಾರನಾದ ಫ್ರೆಡ್ ಕಬೋಟಿ ಇವನೇ. ಫ್ರೆಡ್ ಎಂಬುದು ಶಾಲೆ ಇಟ್ಟ ಹೆಸರು. ಶಾಲೆಯ ಮುಖ್ಯಸ್ಥರ ಹೆಂಡತಿ ಎಲಿಜಬೆತ್ ಡಿಹಫ್ ನೀರುಬಣ್ಣ, ಕಾಗದ ಕೊಟ್ಟಾಗ ಮನೆಯ ನೆನಪಿನಲ್ಲಿ ಅವನು ಬರೆದದ್ದು ಕಚೀನರನ್ನು. 1921ರಲ್ಲಿ ಸರಕಾರ ಆದಿವಾಸಿ ಕುಣಿತಗಳಿಗೆ ಕಡಿವಾಣ ಹಾಕಲು ಸುತ್ತೋಲೆ ಹೊರಡಿಸಿತು. ಊರಲ್ಲಿ ತಡೆಯ ಹೊರಟ ಕುಣಿತ ಕಾಗದದ ಮೇಲೆ ಮಾರಾಟದ ಚಿತ್ರವಾಯಿತು!

ಆ ಚಿತ್ರಗಳಲ್ಲಿ ಹಿನ್ನೆಲೆ ಹೆಚ್ಚಾಗಿ ಬರಿ ಕಾಗದ, ನಮ್ಮ ಬಿಳಿ ಪರದೆಯ ಹಾಗೆ. ಆದರೆ ಸಾಲುಗಟ್ಟಿ ಕುಣಿಯುವವರು ಹೆಚ್ಚುಕಡಿಮೆ ಒಂದೇ ಎತ್ತರ. ಇನ್ನೊಂದು ವ್ಯತ್ಯಾಸವೂ ಉಂಟು: ಕಬೋಟಿ ಸಹಿ ಹಾಕಿದ. 1960ರಲ್ಲಿ ದಿಲ್ಲಿಯ ಕೃಷಿ ಮೇಳಕ್ಕೂ ಬಂದುಹೋದ.

ನಮ್ಮ ತೊಗಲಿನ ಮೇಲೆ ಸಹಿಯಿಲ್ಲ. ಎಂ. ಎಸ್. ನಂಜುಂಡರಾವ್ ಅವರು ಊರೂರು ತಿರುಗಿ ಕೂಡಿಸದಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಗೊಂಬೆಗಳಲ್ಲಿ ಎಷ್ಟೋ ಹುಳ ಹಿಡಿದು ಹೋಗುತ್ತಿದ್ದವು, ಆ ಉಪಕಾರ ದೊಡ್ಡದು. ಆದರೂ ಗಾಜಿನ ಹಿಂದೆ ನಿಂತ ಗೊಂಬೆಗೆ ರಾವಣನ ಹೆಸರು ಸಿಗುತ್ತದೆಯೇ ಹೊರತು ರಾವಣನನ್ನು ಕೊರೆದವನ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. 2025ರಲ್ಲಿ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆ ಕರಿ ಕುಳ್ಳನ ಹೆಸರು ಅಂತೂ ದಿಲ್ಲಿಯ ಕಾಗದದ ಮೇಲೆ ಕೂತಿತು.

ಹಳ್ಳಿಯ ಮಾಸ್ತರರಿಗೆ ಒಂದು ಮಾತು ಉಳಿದಿದೆ. ನಮ್ಮ ಶಾಲೆಗಳಲ್ಲೂ ನೀರುಬಣ್ಣದ ಡಬ್ಬಿ ಇದೆ. ಕಿಳ್ಳೇಕ್ಯಾತರ ಕೂಸು ಕೊನೆಯ ಸಾಲಿನಲ್ಲಿ ಕೂತಿದೆ, ಅದರ ಅಜ್ಜನ ಪೆಟ್ಟಿಗೆಯಲ್ಲಿ ನೂರು ಗೊಂಬೆ ಇರಬಹುದು. ಚಿತ್ರದ ತಾಸಿನಲ್ಲಿ ನಾವು ಆ ಕೂಸಿಗೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರ ಬರಿ ಅನ್ನುತ್ತೇವೆ.