600 ಡಾಲರಿನ ಕನಸು

ಸ್ಕಾಟ್ ಫಿಟ್ಜೆರಾಲ್ಡ್‌ನ 'ದಿ ಗ್ರೇಟ್ ಗ್ಯಾಟ್ಸ್‌ಬಿ' (1925) ಕಾದಂಬರಿಯ ನಾಯಕ ಕೊಲ್ಲಿಯಾಚೆಯ ದಡದಲ್ಲಿ ಮಿನುಗುವ ಹಸಿರು ದೀಪದತ್ತ ಕೈಚಾಚುತ್ತಾನೆ. ಆ ದೀಪಕ್ಕೆ ಬೆಲೆ ಕಟ್ಟಲಾಗದು; ಕೈಗೆಟುಕದಿರುವುದೇ ಅದರ ಸೊಗಸು. ಹನ್ನೆರಡು ವರ್ಷಗಳ ನಂತರ, 1937ರಲ್ಲಿ, ಜಾನ್ ಸ್ಟೈನ್‌ಬೆಕ್ ಬರೆದ 'ಆಫ್ ಮೈಸ್ ಅಂಡ್ ಮೆನ್' ಎಂಬ ಪುಟ್ಟ ಕಾದಂಬರಿಯಲ್ಲೂ ಒಂದು ಕನಸಿದೆ. ಆದರೆ ಅದರ ಬೆಲೆಯನ್ನು ಲೇಖಕ ನಿಖರವಾಗಿ ಹೇಳಿಬಿಡುತ್ತಾನೆ: 600 ಡಾಲರ್. ಹತ್ತು ಎಕರೆ ನೆಲ, ಪುಟ್ಟ ಮನೆ, ಕೋಳಿ, ಮೊಲ, ಮೊಲಕ್ಕೆ ಹಾಕಲು ಕುದುರೆ ಮಸಾಲೆ ಸೊಪ್ಪು. ಈ ಕೃತಿಯ ಬಗ್ಗೆ ರೂಢಿಯಲ್ಲಿರುವ ಓದು ಈ ಬೆಲೆಯನ್ನು ಗಮನಿಸುವುದಿಲ್ಲ. ಕೃತಿಯ ಹೆಸರು ಬಂದಿರುವುದು ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ಕವಿತೆಯಿಂದ; ಅಲ್ಲಿ ನೇಗಿಲ ಬಾಯಿಗೆ ಸಿಕ್ಕಿ ಇಲಿಯ ಗೂಡು ಒಡೆಯುತ್ತದೆ. ಆದ್ದರಿಂದ ಇದು ವಿಧಿಯ ಕಥೆ, ಬಡವರ ಕನಸು ಮೊದಲಿನಿಂದಲೂ ಅಸಾಧ್ಯವಾಗಿತ್ತು, ಆ ತುಂಡು ನೆಲ ಮರೀಚಿಕೆಯ ಸಂಕೇತ ಎನ್ನುವುದು ಆ ಓದು. ನನಗೆ ಇದು ಕೃತಿಯ ಮೊನೆಯನ್ನು ಮೊಂಡಾಗಿಸುವ ಓದಾಗಿ ಕಾಣುತ್ತದೆ. ಸ್ಟೈನ್‌ಬೆಕ್ ಬರೆದದ್ದು ಸಾಧ್ಯವಿದ್ದ ಕನಸೊಂದು ಮುರಿದ ಕಥೆಯನ್ನು. ಅವನ ಸಂಕೇತಗಳ ಬಲವಿರುವುದು ಅವುಗಳ ಹಿಂದಿನ ಲೆಕ್ಕದಲ್ಲಿ.

ಆ ಲೆಕ್ಕವನ್ನೇ ನೋಡೋಣ. ಜಾರ್ಜ್ ಮತ್ತು ಲೆನ್ನಿ ಕ್ಯಾಲಿಫೋರ್ನಿಯಾದ ಸೊಲೆಡಾಡ್ ಊರಿನ ಹತ್ತಿರದ ರ‍್ಯಾಂಚ್‌ಗೆ ಕೂಲಿಗೆ ಬಂದವರು. ಇಬ್ಬರ ಬಳಿ ಸೇರಿ ಇರುವುದು 10 ಡಾಲರ್. ತಿಂಗಳ ಕೂಲಿ ತಲೆಗೆ 50. ಬುದ್ಧಿ ಬೆಳೆಯದ, ಮೈಬಲ ಮಾತ್ರ ಬೆಳೆದ ಲೆನ್ನಿಗೆ ಜಾರ್ಜ್ ಈ ನೆಲದ ಕಥೆಯನ್ನು ಹೇಳುವುದು ಮಗುವಿಗೆ ಲಾಲಿ ಹಾಡಿದ ಹಾಗೆ. ಲೆನ್ನಿಗೆ ಅದು ಬಾಯಿಪಾಠವಾಗಿದೆ, ಆದರೂ ಮತ್ತೆ ಮತ್ತೆ ಕೇಳಬೇಕು. ಅಷ್ಟರವರೆಗೆ ಅದು ಕಥೆಯೇ. ಕಸ ಗುಡಿಸುವ ಮುದುಕ ಕ್ಯಾಂಡಿ ಇದನ್ನು ಕೇಳಿಸಿಕೊಂಡು ಬಾಯಿ ಹಾಕಿದ ಗಳಿಗೆಯಲ್ಲಿ ಕಥೆ ಹೋಗಿ ಲೆಕ್ಕ ಬರುತ್ತದೆ. ಕೆಲಸದಲ್ಲಿ ಕೈ ಕಳೆದುಕೊಂಡದ್ದಕ್ಕೆ ಅವನಿಗೆ ಸಿಕ್ಕ ಪರಿಹಾರ 250, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರುವುದು ಇನ್ನೊಂದು 50: ಒಟ್ಟು 350. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಖರ್ಚಿಲ್ಲದೆ ದುಡಿದರೆ ಇನ್ನೂ 100. ಅಲ್ಲಿಗೆ 450. ನೂರು ಡಾಲರ್ ಮುಂಗಡ ಕಳಿಸಿ ವ್ಯಾಪಾರ ಕುದುರಿಸುವ ಮಾತೂ ಆಗುತ್ತದೆ. ತಾನೇ ಹೇಳುತ್ತ ಬಂದ ಕಥೆ ನಿಜವಾಗಬಹುದೆಂದು ಹೊಳೆದಾಗ ಜಾರ್ಜ್ ಬೆರಗಾಗುತ್ತಾನೆ. ಇಡೀ ಕೃತಿಯಲ್ಲಿ ಅತ್ಯಂತ ಉಲ್ಲಾಸದ ಪುಟಗಳು ಇವು. ಆದರೆ ಈ ಅಂಕಿಗಳ ಒಳಗೇ ವಿಷವೂ ಇದೆ. ಕನಸಿನ ಬೆಲೆಯಲ್ಲಿ ಐದನೇ ಎರಡು ಪಾಲಿಗಿಂತ ಹೆಚ್ಚಿನದು ಬರುವುದು ಒಂದು ಕತ್ತರಿಸಿದ ಕೈಯಿಂದ. ಆ ನೆಲವಾದರೂ ಅಷ್ಟು ಅಗ್ಗಕ್ಕೆ ಯಾಕೆ ಸಿಗುತ್ತಿದೆ? ಅದರ ಒಡೆಯರಾದ ವೃದ್ಧ ದಂಪತಿ ದಿವಾಳಿಯಾಗಿದ್ದಾರೆ, ಮುದುಕಿಗೆ ಆಪರೇಷನ್ ಆಗಬೇಕಿದೆ. ಒಬ್ಬನ ಕನಸಿಗೆ ಇನ್ನೊಬ್ಬರ ಸಂಕಟವೇ ಅಡಿಪಾಯವೆಂಬ ಸತ್ಯವನ್ನು ಸ್ಟೈನ್‌ಬೆಕ್ ಒಂದೇ ಸಾಲಿನಲ್ಲಿ, ದನಿಯೇರಿಸದೆ ಹೇಳಿ ಮುಂದಕ್ಕೆ ಹೋಗುತ್ತಾನೆ.

ಕೃತಿಯ ಉಳಿದ ಸಂಕೇತಗಳೂ ಹೀಗೆಯೇ. ಮೊದಲು ಬಳಕೆಯ ವಸ್ತು, ಆಮೇಲೆ ಅರ್ಥ. ಆಳುಗಳು ಮಲಗುವ ಉದ್ದನೆಯ ಮನೆಯಲ್ಲಿ ಪ್ರತಿ ಮಂಚದ ಮೇಲ್ಗಡೆ ಗೋಡೆಗೆ ಒಂದೊಂದು ಸೇಬಿನ ಪೆಟ್ಟಿಗೆ ಹೊಡೆದಿದ್ದಾರೆ. ಸಾಬೂನು, ಕ್ಷೌರದ ಕತ್ತಿ, ಪತ್ರಿಕೆ: ಒಬ್ಬ ಮನುಷ್ಯನ ಆಸ್ತಿಯೆಲ್ಲ ಹಣ್ಣು ಸಾಗಿಸುವ ಆ ಪೆಟ್ಟಿಗೆಯೊಳಗೆ. ಲಾಯದ ಪಕ್ಕದಲ್ಲಿ ಬೇರೆಯಾಗಿ ಇಟ್ಟಿರುವ ಕರಿಯ ಆಳು ಕ್ರುಕ್ಸ್‌ನ ಪೆಟ್ಟಿಗೆಯಲ್ಲಿ ಅವನ ಔಷಧದ ಶೀಶೆಗಳೂ ಕುದುರೆಗಳ ಔಷಧದ ಶೀಶೆಗಳೂ ಒಟ್ಟಿಗೆ ಇವೆ. ಸಮಾಜ ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸಿದೆ ಎಂಬುದನ್ನು ಆ ಶೀಶೆಗಳೇ ಹೇಳುತ್ತವೆ, ಲೇಖಕ ವಿವರಣೆಗೆ ಬರುವುದಿಲ್ಲ. ಕ್ಯಾಂಡಿಯ ನಾಯಿಯ ಪ್ರಸಂಗವಂತೂ ಕಾದಂಬರಿಯ ಬೆನ್ನೆಲುಬು. ನಾಯಿಗೆ ವಯಸ್ಸಾಗಿದೆ, ನಾರುತ್ತದೆ, ಕೆಲಸಕ್ಕೆ ಬಾರದು. ಜೊತೆಯ ಆಳು ಕಾರ್ಲ್‌ಸನ್ ತನ್ನ ಲೂಗರ್ ಪಿಸ್ತೂಲಿನಿಂದ ತಲೆಯ ಹಿಂಭಾಗಕ್ಕೆ ಗುಂಡಿಟ್ಟು ಮುಗಿಸುತ್ತಾನೆ. ತನ್ನ ನಾಯಿಯನ್ನು ತಾನೇ ಕೊಲ್ಲಬೇಕಿತ್ತು, ಪರರ ಕೈಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಆಮೇಲೆ ಹಲುಬುತ್ತಾನೆ. ಕೊನೆಯಲ್ಲಿ ಜಾರ್ಜ್ ಲೆನ್ನಿಯನ್ನು ಕೊಲ್ಲುವುದು ಅದೇ ಪಿಸ್ತೂಲಿನಿಂದ, ಅದೇ ಜಾಗಕ್ಕೆ ಗುರಿಯಿಟ್ಟು. ಕೆಲಸಕ್ಕೆ ಬಾರದ ಜೀವಕ್ಕೆ ಈ ರ‍್ಯಾಂಚ್‌ನಲ್ಲಿ ಜಾಗವಿಲ್ಲ ಎಂಬ ನಿಯಮ ನಾಯಿಯಿಂದ ಮನುಷ್ಯನವರೆಗೆ ಬಂದು ಮುಟ್ಟುತ್ತದೆ. ನಾಳೆ ತನ್ನ ಸರದಿ ಎಂಬುದು ಕ್ಯಾಂಡಿಗೆ ಗೊತ್ತು. ಅವನು ಹಣ ಹಾಕಲು ಮುಂದಾದದ್ದು ನಾಯಿ ಸತ್ತ ಅದೇ ರಾತ್ರಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಲೆನ್ನಿಯ ಕೈಯಲ್ಲಿ ಮೊದಲು ಇಲಿ ಸಾಯುತ್ತದೆ, ಆಮೇಲೆ ನಾಯಿಮರಿ, ಆಮೇಲೆ ಒಬ್ಬ ಹೆಣ್ಣು, ಒಡೆಯನ ಮಗ ಕರ್ಲಿಯ ಹೆಂಡತಿ. ಕಥೆ ಆರಂಭವಾದ ಹೊಳೆಯಂಚಿನ ಮಡುವಿನಲ್ಲೇ ಮುಗಿಯುತ್ತದೆ. ಅಲ್ಲಿ ಕೊಕ್ಕರೆಯೊಂದು ನೀರುಹಾವನ್ನು ನುಂಗುತ್ತದೆ. ಎಲ್ಲ ಮೊದಲೇ ಬರೆದಿಟ್ಟಂತಿದೆ, ಇದು ವಿಧಿಯಲ್ಲದೆ ಇನ್ನೇನು ಎಂದು ಕೇಳಬಹುದು. ಈ ಸರಪಳಿ ಅತಿಯಾಗಿ ಅಚ್ಚುಕಟ್ಟಾಗಿದೆ ಎಂದು ಒಪ್ಪಲೇಬೇಕು. ಹೊಲಿಗೆ ಕಾಣಿಸುವ ಜಾಗ ಅದು. ಆದರೆ ಆ ಸರಪಳಿ ಲೆನ್ನಿಯ ಸಾವನ್ನು ವಿವರಿಸುತ್ತದೆಯೇ ಹೊರತು ಕನಸಿನ ಸಾವನ್ನಲ್ಲ. ಕರ್ಲಿಯ ಹೆಂಡತಿಯ ಹೆಣ ಹುಲ್ಲಿನ ಮೇಲೆ ಬಿದ್ದಿರುವಾಗಲೇ ಕ್ಯಾಂಡಿ ಅಂಜುತ್ತ ಕೇಳುತ್ತಾನೆ, ನಾವಿಬ್ಬರೇ ಆ ನೆಲ ಕೊಳ್ಳಬಹುದಲ್ಲವೇ ಎಂದು. ಹಣ ಎಲ್ಲಿಗೂ ಹೋಗಿಲ್ಲ, ಜಾರ್ಜ್‌ನ ತೋಳಿಗೂ ಏನಾಗಿಲ್ಲ. ಒಲ್ಲೆ ಎನ್ನುವವನು ಜಾರ್ಜ್. ತಿಂಗಳು ದುಡಿದು ಬಂದ ಐವತ್ತನ್ನು ಒಂದು ರಾತ್ರಿಯಲ್ಲಿ ಕಳೆಯುವ ಎಲ್ಲರ ಬದುಕಿಗೆ ತಾನೂ ಮರಳುವುದಾಗಿ ಹೇಳುತ್ತಾನೆ. ಇದು ಆಗದ ಕೆಲಸವೆಂದು ಮೊದಲೇ ಗೊತ್ತಿತ್ತು ಎಂದೂ ಹೇಳುತ್ತಾನೆ, ನಿಜ. ಅದು ದುಃಖದ ಮಾತು. ಎರಡು ರಾತ್ರಿಗಳ ಹಿಂದೆ ಬೆರಗಿನಿಂದ ಲೆಕ್ಕ ಹಾಕಿದವನೂ ಅವನೇ. ಅವನಿಗೆ ನೆಲ ಬೇಕಿದ್ದದ್ದು ನೋಡಿಕೊಳ್ಳಲು ಒಬ್ಬನಿದ್ದ ಕಾರಣಕ್ಕೆ. ಜೊತೆಗಾರ ಹೋದ ಮೇಲೆ ಹತ್ತು ಎಕರೆ ಬರೀ ಹತ್ತು ಎಕರೆ. ಸೊಲೆಡಾಡ್ ಎಂದರೆ ಸ್ಪ್ಯಾನಿಷ್‌ನಲ್ಲಿ ಒಂಟಿತನ. ಜಾರ್ಜ್ ಹೊತ್ತು ಕಳೆಯಲು ಆಡುವುದೂ ಒಬ್ಬನೇ ಆಡುವ ಇಸ್ಪೀಟು. ಇಬ್ಬರು ಕೂಡಿ ಅಲೆಯುವುದೇ ಇಲ್ಲಿ ಉಳಿದವರಿಗೆ ಅನುಮಾನ ಹುಟ್ಟಿಸುವ ಸಂಗತಿ. ಕನಸನ್ನು ಕೊಂದದ್ದು ಮನುಷ್ಯರನ್ನು ಬಿಡಿಬಿಡಿಯಾಗಿಯೇ ಇರಿಸುವ ಈ ದುಡಿಮೆಯ ವ್ಯವಸ್ಥೆ.

ಕೃತಿ ನಿಜವಾಗಿ ಸೋಲುವುದು ಬೇರೆಡೆ. ಕ್ರುಕ್ಸ್ ಒಂದು ಗಳಿಗೆ ತಾನೂ ಆ ನೆಲಕ್ಕೆ ಬರುವೆನೆಂದು ಆಸೆಪಟ್ಟು, ಕರ್ಲಿಯ ಹೆಂಡತಿ ಮರಕ್ಕೆ ನೇತುಹಾಕಿಸುವ ಬೆದರಿಕೆ ಹಾಕಿದೊಡನೆ ಆಸೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಆ ದೃಶ್ಯ ಅವನನ್ನು ಪೂರ್ತಿ ಮನುಷ್ಯನನ್ನಾಗಿ ಕಾಣಿಸುತ್ತದೆ. ಆ ಹೆಣ್ಣಿಗೆ ಅಂಥ ನ್ಯಾಯ ಸಿಕ್ಕಿಲ್ಲ. ಅವಳಿಗೆ ಹೆಸರೇ ಇಲ್ಲ. ಹೆಸರಿಲ್ಲದಿರುವುದೇ ಅವಳು ಗಂಡನ ಸ್ವತ್ತು ಎಂಬುದರ ಸಂಕೇತ ಎಂದು ಸಮರ್ಥಿಸುವವರಿದ್ದಾರೆ. ಆದರೆ ಸಿನಿಮಾ ನಟಿಯಾಗುವ ಅವಳ ಆಸೆ ನಮಗೆ ವಿವರವಾಗಿ ತಿಳಿಯುವುದು ಅವಳು ಸಾಯುವ ಕೆಲವೇ ನಿಮಿಷ ಮುಂಚೆ. ಅಷ್ಟರವರೆಗೆ ಅವಳು ಅಪಾಯದ ಗುರುತು ಮಾತ್ರ. ಕಾದಂಬರಿಯ ನಾಟಕರೂಪದಲ್ಲಿ ಈ ಪಾತ್ರ ವಹಿಸಿದ ಕ್ಲೇರ್ ಲೂಸ್‌ಗೆ ಸ್ಟೈನ್‌ಬೆಕ್ ಪತ್ರ ಬರೆದು ಆ ಪಾತ್ರದ ಬದುಕು, ಭಯಗಳನ್ನು ವಿವರಿಸಿದ್ದ. ಅಂದರೆ ಅವಳ ಒಳಗು ಅವನಿಗೆ ಗೊತ್ತಿತ್ತು, ಪುಸ್ತಕದಲ್ಲಿ ಬರೆಯಲಿಲ್ಲ. ಸಂಕೇತ ವ್ಯಕ್ತಿಯನ್ನು ನುಂಗಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೇ ಅಳತೆಗೋಲು ಸ್ಟೈನ್‌ಬೆಕ್‌ನ 1939ರ ಕಾದಂಬರಿ 'ದಿ ಗ್ರೇಪ್ಸ್ ಆಫ್ ರಾತ್'ಗೂ ಹೊಂದುತ್ತದೆ. ಹೆದ್ದಾರಿ ದಾಟುವ ಆಮೆ ತನ್ನ ಚಿಪ್ಪಿಗೆ ಸಿಕ್ಕಿಕೊಂಡ ಕಾಡು ಓಟ್ಸ್ ತೆನೆಯನ್ನು ಆಚೆ ಬದಿಗೆ ಒಯ್ದು, ಅರಿವಿಲ್ಲದೆಯೇ ಬೀಜ ಬಿತ್ತುತ್ತದೆ. ಅದು ಮೊದಲು ಆಮೆ, ಆಮೇಲೆ ವಲಸೆ ಹೋಗುವ ಜೋಡ್ ಕುಟುಂಬ. ಬೇಕಾದವರು ಎಂಟುನೂರು ಮಂದಿಯಾದರೂ ಸಾವಿರಗಟ್ಟಲೆ ಹಂಚಿದ ಕೂಲಿ ಕರಪತ್ರವೂ ಅಷ್ಟೇ ಗಟ್ಟಿ ಪ್ರತಿಮೆ: ಕೈಗಳು ಹೆಚ್ಚಿದಷ್ಟೂ ಕೂಲಿ ಇಳಿಯುತ್ತದೆ. ಆದರೆ ಮಾಜಿ ಧರ್ಮಪ್ರಚಾರಕ ಕೇಸಿಯ ಬಾಯಲ್ಲಿ ಲೇಖಕನೇ ಉಪದೇಶಕ್ಕೆ ನಿಂತಾಗ ಅದೇ ಕೃತಿ ಸಡಿಲವಾಗುತ್ತದೆ.

ಈ ಕಾದಂಬರಿಗಳನ್ನು ಓದುವಾಗ ಮೊಲ ಎಂದರೆ ಮುಗ್ಧತೆ, ನೆಲ ಎಂದರೆ ಕನಸು ಎಂದು ಪಟ್ಟಿ ಮಾಡುವುದು ಸುಲಭ. ಹಾಗೆ ಮಾಡಿದರೆ ಆ ನೆಲ ಎಷ್ಟಕ್ಕೆ ಮಾರಾಟಕ್ಕಿತ್ತು, ಆ ಹಣ ಯಾರ ಮೈಯಿಂದ ಬಂತು ಎಂಬ ಪ್ರಶ್ನೆಗಳು ತಪ್ಪಿಹೋಗುತ್ತವೆ. ಅಸಾಧ್ಯವಾದದ್ದು ಕೈತಪ್ಪಿದರೆ ಯಾರೂ ಹೊಣೆಯಲ್ಲ. ಒಂದು ತಿಂಗಳ ದುಡಿಮೆಯಷ್ಟು ಹತ್ತಿರ ಬಂದದ್ದು ಕೈತಪ್ಪಿದರೆ ಯಾರಾದರೂ ಉತ್ತರ ಕೊಡಬೇಕು. 'ಆಫ್ ಮೈಸ್ ಅಂಡ್ ಮೆನ್' ಇಂದಿಗೂ ಓದುಗನನ್ನು ಅಲುಗಿಸುವುದು ಆ ಉತ್ತರವನ್ನು ಬಾಕಿ ಉಳಿಸಿದ್ದರಿಂದ. ಕಾದಂಬರಿ ಮುಗಿದಾಗಲೂ ಆ ಹತ್ತು ಎಕರೆ ಅಲ್ಲೇ ಇದೆ, ಬೆಲೆ 600 ಡಾಲರ್.