ಅಜ್ಜಿಯ ಕತೆಯಲ್ಲಿ ಕೇಳುವ ಮಗುವಿನ ಸ್ಥಾನ

ಜನಪದ ಕಥೆಗಳನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಅಚ್ಚಾದ ಪಾಠವನ್ನೇ ಆಶ್ರಯಿಸಿದೆ. ಆಶಯ, ವರ್ಗ, ಪಾಠಾಂತರಗಳ ವಿಚಾರವಾಗಿ ಉಪಯುಕ್ತವಾದ ಕೆಲಸ ನಡೆದಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳಿಗೆ ಹೇಳುವ ಕತೆಯ ಮಟ್ಟಿಗೆ ಈ ಮಾರ್ಗ ಸಾಲದು. ಅಲ್ಲಿ ಕೇಳುವ ಮಗುವಿಗೂ ಕತೆಯ ರಚನೆಯಲ್ಲಿ ಪಾಲುಂಟು.

ನಿದರ್ಶನವಾಗಿ ಎಲ್ಲರೂ ಬಲ್ಲ ಕಾಗಕ್ಕ-ಗುಬ್ಬಕ್ಕನ ಕತೆಯನ್ನು ನೋಡೋಣ. ಕಾಗೆಯದು ಸಗಣಿಯ ಮನೆ. ಗುಬ್ಬಿಯದು ಕಲ್ಲಿನ ಮನೆ. ಮಳೆಗೆ ಸಗಣಿಯ ಮನೆ ಕರಗಿಹೋಗಲು ಕಾಗೆ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಕೂಡಲೆ ತೆಗೆಯುವುದಿಲ್ಲ. ಮರಿಗೆ ನೀರೆರೆಯಬೇಕು, ಉಣ್ಣಿಸಬೇಕು, ಮಲಗಿಸಬೇಕು ಎಂದು ಒಂದೊಂದೇ ಕಾರಣ ಒಡ್ಡುತ್ತದೆ. ಮರಾಠಿಯಲ್ಲಿಯೂ ಈ ಕತೆ ಪ್ರಸಿದ್ಧವಾದುದು. ಅಲ್ಲಿ ಗುಬ್ಬಿಯ ಮನೆ ಮೇಣದ್ದು; ಸಗಣಿಗೂ ಮೇಣಕ್ಕೂ ಆ ಭಾಷೆಯಲ್ಲಿರುವ ಶಬ್ದಗಳು ಪ್ರಾಸಗೂಡುತ್ತವೆ. ಗೋಡೆ ಬದಲಾದರೂ ಬಾಗಿಲಿನ ಸನ್ನಿವೇಶ ಉಳಿದಿದೆ. ಕತೆಯ ಜೀವ ಅಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಅಚ್ಚಿನಲ್ಲಿ ಈ ವಿಳಂಬ ಬರಿಯ ಪುನರುಕ್ತಿಯಾಗಿ ತೋರುತ್ತದೆ. ಸಂಪಾದಕನು ಎರಡು ಸಲಕ್ಕೆ ಇಳಿಸಿದರೆ ನಷ್ಟವೇನೂ ಕಾಣದು. ಹೇಳುವ ಕತೆಯಲ್ಲಿ ಹಾಗಲ್ಲ. ಅಜ್ಜಿ ಕೈತುತ್ತು ಹಾಕುತ್ತ ಹೇಳುವಾಗ ತಟ್ಟೆಯಲ್ಲಿ ಅನ್ನವಿರುವಷ್ಟು ಹೊತ್ತೂ ಕಾಗೆ ಮಳೆಯಲ್ಲಿ ನಿಲ್ಲಬೇಕು. ಗುಬ್ಬಿಯ ಮರಿಗೆ ನಡೆಯುವ ಉಪಚಾರವೆಲ್ಲ ಕೇಳುವ ಮಗುವಿಗೂ ನಡೆಯುವಂಥದೇ. ಮಗು ಬೆಚ್ಚಗೆ ಒಳಗಿದೆ. ಅದರ ಮನಸ್ಸು ಮಾತ್ರ ಹೊರಗಿನ ಕಾಗೆಯ ಬಳಿ ಇದೆ. ನಡುನಡುವೆ ಅದು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕತೆ ಮುಂದೆ ಸಾಗದು. ಅಲಂಕಾರಶಾಸ್ತ್ರದ ಸಹೃದಯನು ಮೌನವಾಗಿ ಆಸ್ವಾದಿಸಬಲ್ಲನು. ಈ ಪುಟ್ಟ ಸಹೃದಯನಿಗೆ ಮೌನದ ಅಧಿಕಾರವಿಲ್ಲ.

ಎ. ಕೆ. ರಾಮಾನುಜನ್ ಅವರು 1986ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಕನ್ನಡ ಜಾನಪದವನ್ನು ಮನೆಯೊಳಗಿನದು, ಹೊರಗಿನದು ಎಂದು ಎರಡಾಗಿ ವಿಂಗಡಿಸಿ, ಮನೆಯ ಕತೆಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲವೆಂಬುದನ್ನು ಗುರುತಿಸಿದರು. ಈ ವಿವೇಚನೆಯನ್ನು ನಾವು ಇನ್ನೊಂದು ಹೆಜ್ಜೆ ಮುಂದೊಯ್ಯಬಹುದು. ಹೆಸರಿಲ್ಲದ ಸ್ಥಾನದಲ್ಲಿ ಕೇಳುವ ಮಗು ತನ್ನನ್ನೇ ಇರಿಸಿಕೊಳ್ಳಬಲ್ಲುದು.

ಆದುದರಿಂದಲೇ ಮಕ್ಕಳ ಪುಸ್ತಕಗಳಲ್ಲಿ ಇಂತಹ ಕತೆಗೆ ನೀತಿವಾಕ್ಯವನ್ನು ಅಂಟಿಸುವ ಪದ್ಧತಿ ನಮಗೆ ಸಮ್ಮತವಲ್ಲ. ಗಟ್ಟಿಯಾದ ಮನೆ ಕಟ್ಟಬೇಕೆಂಬುದು ಈ ಕತೆಯ ತಾತ್ಪರ್ಯವಾದರೆ ಬಾಗಿಲಿನ ಮಾತುಕತೆಯೇ ವ್ಯರ್ಥವಾಗುತ್ತದೆ. ಗುಬ್ಬಿ ಮಾಡಿದ್ದು ಸರಿಯೆ ಎಂಬ ಪ್ರಶ್ನೆ ಮಗುವಿನಲ್ಲಿ ಹುಟ್ಟಬೇಕಾದದ್ದು. ಮರಿಯ ಪಾಲನೆ ಧರ್ಮ. ನೆನೆಯುವವಳಿಗೆ ಆಶ್ರಯ ಕೊಡುವುದೂ ಧರ್ಮ. ಇವೆರಡರ ಇಕ್ಕಟ್ಟನ್ನು ಐದು ವರ್ಷದ ಮಗು ಅನುಭವಿಸಬಲ್ಲುದೆಂದು ಅಜ್ಜಿ ನಂಬುತ್ತಾಳೆ. ನೀತಿವಾಕ್ಯ ಬರೆಯುವವರು ನಂಬುವುದಿಲ್ಲ.

ಅಚ್ಚು ಬೇಡವೆಂಬುದು ನಮ್ಮ ವಾದವಲ್ಲ. ಸಂಗ್ರಹವಾಗದಿದ್ದರೆ ಎಷ್ಟೋ ಕತೆಗಳು ಹೇಳಿದವರೊಡನೆಯೇ ಅಳಿಯುತ್ತವೆ. ಆದರೆ ವಯಸ್ಕನಾದ ಸಂಗ್ರಾಹಕನೆದುರು ಹೇಳಿದ ಕತೆಯನ್ನೇ ಪೂರ್ಣಪಾಠವೆಂದು ತಿಳಿಯುವುದು ಸಲ್ಲದು. ಮಗು ಎಲ್ಲಿ ತಡೆಯಿತು, ಏನು ಕೇಳಿತು, ಕತೆ ಎಲ್ಲಿ ತಿರುಗಿತು ಎಂಬುದನ್ನೂ ಬರೆದುಕೊಳ್ಳಬೇಕು. ಇಂದು ಅಜ್ಜಿ ಒಂದೂರಿನಲ್ಲಿ, ಮೊಮ್ಮಗು ಇನ್ನೊಂದೂರಿನಲ್ಲಿ ಇರುವುದು ಸಾಮಾನ್ಯವಾಗಿದೆ. ಧ್ವನಿಮುದ್ರಿತವಾದ ಕತೆಗಳು ಸುಲಭವಾಗಿ ದೊರೆಯುತ್ತವೆ. ಅವು ಕತೆಯನ್ನು ತಪ್ಪಿಲ್ಲದೆ ಹೇಳಬಲ್ಲವು, ಹೂಂಗುಟ್ಟುವುದಕ್ಕಾಗಿ ಕಾಯಲಾರವು.