ಹತ್ತೊಂಬತ್ತು ಕಾಸಿನ ಬಾಕಿ

ಲು ಶುನ್ ಅವರ ‘ಕೊಂಗ್ ಯೀಜಿ’ ಕಥೆಯಲ್ಲಿ ಬರುವ ಉದ್ದ ನಿಲುವಂಗಿಯ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಅದೇ ಕಥೆಯ ಅನುವಾದದ ಹಸ್ತಪ್ರತಿಯೊಂದು ಓದಲು ಬಂತು. ಭಾಷೆ ಸೊಗಸಾಗಿದೆ. ಆದರೆ ಕೊಂಗ್ ಮದ್ಯದಂಗಡಿಗೆ ಕೊಡಬೇಕಾದ 19 ತಾಮ್ರದ ಕಾಸು ಅದರಲ್ಲಿ ‘ಒಂದಿಷ್ಟು ಬಾಕಿ’ ಆಗಿದೆ. ನಿಲುವಂಗಿ ಮುಂದಿನ ವಾರಕ್ಕಿರಲಿ.

ಅನುವಾದ ಸರಾಗವಾಗಿ ಓದಿಸಿಕೊಳ್ಳಬೇಕು, ಪರದೇಶದ ದುಡ್ಡು-ಕಾಸಿನ ಲೆಕ್ಕ ಅಡ್ಡ ಬರಬಾರದು ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ಚೀನೀ ಸಣ್ಣಕಥೆಯಲ್ಲಿ ಕಾಲ ಹೊರಳಿದ್ದು ಕಾಣುವುದೇ ಬೆಲೆಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಬಟ್ಟಲಿಗೆ 4 ಕಾಸಿದ್ದ ಮದ್ಯ ಈಗ 10 ಆಗಿದೆ ಎಂದು 1919ರ ಈ ಕಥೆಯ ನಿರೂಪಕ ಶುರುವಿನಲ್ಲೇ ಹೇಳುತ್ತಾನೆ. ಕೊಂಗ್ ಜೀವಮಾನವಿಡೀ ಯಾವ ಸರ್ಕಾರಿ ಪರೀಕ್ಷೆಗೆ ಓದಿ ಕೆಟ್ಟನೋ ಅದು ಆ ನಡುವೆ, 1905ರಲ್ಲಿ, ರದ್ದಾಗಿಹೋಗಿದೆ. ಲು ಶುನ್ ಆ ಮಾತನ್ನೇ ಎತ್ತುವುದಿಲ್ಲ. ವರ್ಷದ ಕೊನೆಗೆ ಅಂಗಡಿಯ ಯಜಮಾನ ಲೆಕ್ಕದ ಹಲಗೆ ಇಳಿಸಿ 19 ಕಾಸು ನೆನೆಯುತ್ತಾನೆ. ಮರುವರ್ಷದ ದೋಣಿ ಹಬ್ಬಕ್ಕೂ ನೆನೆಯುತ್ತಾನೆ. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಆ ಮಾತೂ ಇಲ್ಲ. ಕೊಂಗ್ ಇಲ್ಲವಾದದ್ದು ನನಗೆ ತಟ್ಟಿದ್ದು ಅಲ್ಲಿ.

ಲೆಕ್ಕದ ಈ ಕಸುಬಿನಲ್ಲಿ ಲು ಶುನ್‌ಗೆ ಸರಿಸಾಟಿಯಾದವರು ಗಾವ್ ಶಿಯಾವ್‌ಶೆಂಗ್. 1957ರಲ್ಲಿ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹೊತ್ತು, ಇಪ್ಪತ್ತು ವರ್ಷ ಜಿಯಾಂಗ್ಸುವಿನ ಹಳ್ಳಿಯಲ್ಲಿ ಕಳೆದವರು. ಅವರ 1980ರ ಕಥೆಯಲ್ಲಿ ರೈತ ಚೆನ್ ಹ್ವಾನ್‌ಶೆಂಗ್ ಪಟ್ಟಣಕ್ಕೆ ಹೋಗುತ್ತಾನೆ. ಸಂತೆ ವ್ಯಾಪಾರಕ್ಕೆ ಆಗಷ್ಟೇ ಸಡಿಲಿಕೆ ಸಿಕ್ಕಿದೆ. ಎಣ್ಣೆಯಲ್ಲಿ ಕರಿದ ಹಿಟ್ಟಿನ ಹುರಿ ಮಾರಿ ಒಂದು ಟೋಪಿ ಕೊಳ್ಳಬೇಕೆಂಬುದು ಅವನಾಸೆ. ರಾತ್ರಿ ಜ್ವರ ಬಂದು ರೈಲು ನಿಲ್ದಾಣದ ಬೆಂಚಿನ ಮೇಲೆ ಬಿದ್ದಿರುತ್ತಾನೆ. ಗುರುತಿದ್ದ ಪಕ್ಷದ ಕಾರ್ಯದರ್ಶಿ ಕಂಡು, ತನ್ನ ಕಾರಿನಲ್ಲಿ ಕರೆದೊಯ್ದು ಅತಿಥಿಗೃಹಕ್ಕೆ ಸೇರಿಸುತ್ತಾನೆ. ಬೆಳಗ್ಗೆ ಎಚ್ಚರವಾದ ಚೆನ್‌ಗೆ ಸುತ್ತಲಿನ ಥಳಕು ಕಂಡೇ ದಿಗಿಲು. ನೆಲ ಕೊಳೆಯಾದೀತೆಂದು ಜೋಡು ಕೈಯಲ್ಲಿ ಹಿಡಿದು ಹೊರಬರುತ್ತಾನೆ. ಬಾಡಿಗೆ 5 ಯುವಾನ್ ಎನ್ನುತ್ತಾಳೆ ಮೇಜಿನ ಹುಡುಗಿ.

ಅವನು ಆ ಮೊತ್ತವನ್ನು ಅಳೆಯುವುದು ಟೋಪಿಯಲ್ಲಿ. ಒಂದು ಟೋಪಿ ನಿದ್ದೆಗೆ ಹೋದೀತೆಂದು ಹೆದರಿದ್ದ, ಹೋದದ್ದು ಎರಡು! ದುಡ್ಡು ತೆತ್ತವನು ವಾಪಸು ಕೋಣೆಗೆ ನಡೆಯುತ್ತಾನೆ, ಈ ಸಲ ಜೋಡು ಮೆಟ್ಟಿಕೊಂಡೇ. ಕುಳಿತುಕೊಳ್ಳಲು ಅಂಜಿದ್ದ ಸೋಫಾ ಮೇಲೆ ಧಡಕ್ಕನೆ ಕೂರುತ್ತಾನೆ. ದಿಂಬಿನ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಹಾಕಿದ ಬಟ್ಟೆಯಲ್ಲೇ ಮತ್ತೆ ಮಲಗುತ್ತಾನೆ. ಒಂದೇ ಕೋಣೆ, ಒಬ್ಬನೇ ಮನುಷ್ಯ. ನಡುವೆ 5 ಯುವಾನ್ ಕೈ ಬದಲಾಯಿಸಿದೆ ಅಷ್ಟೆ. ಹಳ್ಳಿಯವನು ಗಿರಾಕಿಯಾದ ಗಳಿಗೆ ಅದು. ಇಷ್ಟು ಹತ್ತಿರದಿಂದ ಅದನ್ನು ತೋರಿಸಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ. ಐದನ್ನು ‘ದುಬಾರಿ ಬಾಡಿಗೆ’ ಎಂದು ಬರೆದರೆ ಟೋಪಿಗಳೂ ಹೋದವು, ಸೋಫಾ ಮೇಲಿನ ಸಿಟ್ಟೂ ಹೋಯಿತು.

ಹೆಂಡತಿಗೆ ಏನು ಹೇಳಲಿ ಎಂಬ ಚಿಂತೆಯಲ್ಲೇ ಅವನು ಊರ ದಾರಿ ಹಿಡಿಯುತ್ತಾನೆ. ಕಾರ್ಯದರ್ಶಿಯ ಕಾರಿನಲ್ಲಿ ಕೂತವರು, 5 ಯುವಾನಿನ ಕೋಣೆಯಲ್ಲಿ ಮಲಗಿದವರು ಊರಲ್ಲಿ ತನ್ನ ಹೊರತು ಇನ್ಯಾರಿದ್ದಾರೆ ಎಂದು ಹೊಳೆದ ಮೇಲೆ ನಡಿಗೆ ಹಗುರಾಗುತ್ತದೆ.

ಹಸ್ತಪ್ರತಿಯನ್ನು ಇವತ್ತು ಹಿಂದಿರುಗಿಸುತ್ತಿದ್ದೇನೆ. ‘ಒಂದಿಷ್ಟು ಬಾಕಿ’ ಇದ್ದಲ್ಲೆಲ್ಲ ಹೊಡೆದುಹಾಕಿ ಪಕ್ಕದಲ್ಲಿ 19 ಎಂದು ಬರೆದಿದ್ದೇನೆ.